ಕಪ್ ಗೆಲ್ಲದ ಪಿಡಿ ಸರ್‌ಗೂ ಗೌರವ ಸಲ್ಲಬೇಕೇ?

ಪ್ರಶ್ನೆ: ಸರ್, ನಮಸ್ಕಾರ. ನಾನು ಬೀದರ್‌ನ ಒಂದು ಸಣ್ಣ ಕ್ರೈಸ್ತ ಪದವಿ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ. ಕಾಲೇಜಿಗೆ ಐವತ್ತು ವರ್ಷ ತುಂಬುತ್ತಿದೆ. ಓದುವವರ ಸಂಖ್ಯೆ ಇವತ್ತಿಗೂ ನಾನೂರು ದಾಟುವುದಿಲ್ಲ. ಈ ಸಂದರ್ಭದಲ್ಲಿ ನಮ್ಮ ಹಳೆ ಆಟಗಾರರನ್ನೂ ಕೋಚ್‌ಗಳನ್ನೂ ಗೌರವಿಸಬೇಕೆಂದಿದ್ದೇವೆ. ಅಮೆರಿಕದಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು ಅಲ್ಲಿನ ಕಾಲೇಜುಗಳ ಹಾಗೆ ‘ಹಾಲ್ ಆಫ್ ಫೇಮ್’ ಎಂಬ ಗೌರವದ ಪಟ್ಟಿ ಮಾಡಿ ಅನ್ನುತ್ತಾರೆ. ಆದರೆ ಸಮಿತಿಯಲ್ಲಿ ಮಾತು ಒಂದಾಗುತ್ತಿಲ್ಲ. ದೇಶಕ್ಕೆ ಆಡಿದವರು ನಮ್ಮಲ್ಲಿ ಯಾರೂ ಇಲ್ಲ, ಆರಿಸುವುದು ಯಾರನ್ನು ಅಂತ ಕೆಲವರು. ನಿವೃತ್ತರಾದ ನಮ್ಮ ಪಿಡಿ (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಒಂದು ಕಪ್ಪೂ ತಂದುಕೊಟ್ಟಿಲ್ಲ ಅಂತ ಇನ್ನೊಬ್ಬರು. ಕ್ರೈಸ್ತರಲ್ಲದವರನ್ನು ಸೇರಿಸಬೇಕೇ ಎಂಬ ಮಾತೂ ಬಂತು. ಖರ್ಚು ಕೊಡುತ್ತೇನೆ ಎಂದ ದಾನಿಯೊಬ್ಬರು ತಮ್ಮ ಅಣ್ಣನ ಹೆಸರೂ ಪಟ್ಟಿಯಲ್ಲಿರಲಿ ಅನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಶಾಲು, ಹಾರ, ಪೆಂಡಾಲು ಇವನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾರದೇ ಹೆಸರು ಬಂದರೂ ಅದರ ಕೆಳಗೆ ‘ಈ ಹೆಸರು ಇಲ್ಲಿ ಯಾಕಿದೆ’ ಎಂಬುದಕ್ಕೆ ನಾಲ್ಕು ಸಾಲು ಬರೆಯಲು ಆಗಬೇಕು. ಹೊಗಳಿಕೆಯ ಸಾಲಲ್ಲ, ಸಂಗತಿಯ ಸಾಲು. ಆ ನಾಲ್ಕು ಸಾಲು ಹುಟ್ಟದ ಹೆಸರು ಎಷ್ಟೇ ದೊಡ್ಡದಾಗಿರಲಿ, ಈ ವರ್ಷಕ್ಕೆ ಬೇಡ. ನಿಮ್ಮ ಸಮಿತಿಯ ಮುಕ್ಕಾಲು ಜಗಳ ಇಲ್ಲಿಗೇ ಮುಗಿಯುತ್ತದೆ.

ದೇಶಕ್ಕೆ ಆಡಿದವರು ಇಲ್ಲ ಅನ್ನುವುದನ್ನು ಕೊರತೆ ಅಂದುಕೊಳ್ಳಬೇಡಿ. ನಾನೂರು ಮಕ್ಕಳಲ್ಲಿ ಹಳ್ಳಿಯಿಂದ ಬಸ್ಸಿಗೆ ಬಂದು, ಕ್ಲಾಸ್ ಮುಗಿದ ಕೂಡಲೇ ಬಸ್ಸು ಹಿಡಿಯುವವರೇ ಜಾಸ್ತಿ. ಸಂಜೆ ಮೈದಾನದಲ್ಲಿ ಉಳಿಯುವವರು ಬೆರಳೆಣಿಕೆ. ಆದರೆ ಕಬಡ್ಡಿಗೆ ಹನ್ನೆರಡು ಜನರ ತಂಡ ಬೇಕು, ಖೋಖೋಗೂ ವಾಲಿಬಾಲ್‌ಗೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸಣ್ಣ ಕಾಲೇಜಿನಲ್ಲಿ ಅದೇ ಹುಡುಗ ಬೆಳಿಗ್ಗೆ ಕಬಡ್ಡಿಯಲ್ಲಿ ರೇಡ್ ಮಾಡಿ, ಮಧ್ಯಾಹ್ನ ರಿಲೇ ಓಡಿ, ಮಾರನೇ ದಿನ ವಾಲಿಬಾಲ್ ನೆಟ್ ಮುಂದೆ ನಿಂತಿರುತ್ತಾನೆ. ದೊಡ್ಡ ಕಾಲೇಜಿನಲ್ಲಿ ಇಂಥವನು ಹುಟ್ಟುವುದೇ ಇಲ್ಲ. ಅಲ್ಲಿ ಒಂದೊಂದು ಆಟಕ್ಕೆ ಒಬ್ಬೊಬ್ಬನಿರುತ್ತಾನೆ. ನಿಮ್ಮ ಅಳತೆಗೋಲು ನಿಮ್ಮ ಕಾಲೇಜಿನದೇ ಆಗಿರಲಿ.

ಆ ಅಳತೆಗೋಲಿಗೆ ಏಣಿಯೊಂದು ಸಿದ್ಧವಾಗಿಯೇ ಇದೆ. ಅಂತರ ಕಾಲೇಜು ಟೂರ್ನಿ, ಅಲ್ಲಿಂದ ವಿಶ್ವವಿದ್ಯಾಲಯ ತಂಡ, ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ, ಆಮೇಲೆ ಅಖಿಲ ಭಾರತ ಮಟ್ಟ. ವಿಶ್ವವಿದ್ಯಾಲಯ ತಂಡಕ್ಕೆ ಆಡಿದವರನ್ನು ನಮ್ಮ ಕಡೆ ‘ಯೂನಿವರ್ಸಿಟಿ ಬ್ಲೂ’ ಅನ್ನುತ್ತೇವೆ. ಇದು ಸಣ್ಣ ಮಾತಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. 2010ರಲ್ಲಿ ಬಳ್ಳಾರಿಗೆ ಬೇರೆ ವಿಶ್ವವಿದ್ಯಾಲಯ ಬರುವವರೆಗೆ ಬೀದರ್‌ನಿಂದ ಬಳ್ಳಾರಿಯವರೆಗಿನ ಕಾಲೇಜುಗಳೆಲ್ಲ ಅದರಡಿಯಲ್ಲೇ ಇದ್ದವು. ಆ ಕಾಲದಲ್ಲಿ ನಿಮ್ಮ ಕಾಲೇಜಿನ ಹುಡುಗ ಬ್ಲೂ ಆಗಿದ್ದಾನೆ ಅಂದರೆ ರಾಯಚೂರು, ಬಳ್ಳಾರಿ, ಕಲಬುರಗಿಯ ದೊಡ್ಡ ದೊಡ್ಡ ಕಾಲೇಜುಗಳ ಹುಡುಗರನ್ನು ಸೆಲೆಕ್ಷನ್ನಿನಲ್ಲಿ ಹಿಂದೆ ಹಾಕಿದ್ದಾನೆ ಅಂತ ಅರ್ಥ. ನಾಲ್ಕು ಸಾಲಿನಲ್ಲಿ ಒಂದು ಸಾಲು ಸಿಕ್ಕಿತು, ಅಲ್ವಾ?

ಇನ್ನು ಅಮೆರಿಕದ ಮಾತು. ಅಲ್ಲಿನ ಸಣ್ಣ ಕ್ರೈಸ್ತ ಕಾಲೇಜುಗಳಲ್ಲಿ ಇಂಥ ಗೌರವದ ಪಟ್ಟಿ ಮಾಮೂಲು. ವರ್ಷಕ್ಕೊಮ್ಮೆ ಹಳೆ ವಿದ್ಯಾರ್ಥಿಗಳು ಸೇರುವ ದಿನ ಕೆಲವು ಆಟಗಾರರು, ಒಬ್ಬ ಕೋಚ್, ಕೆಲವೊಮ್ಮೆ ಒಂದು ಇಡೀ ತಂಡ ಪಟ್ಟಿಗೆ ಸೇರುತ್ತದೆ. ಇವರೆಲ್ಲ ಕಣ್ಣೆತ್ತಿ ನೋಡುವುದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಕಡೆಗೆ. ಅಲ್ಲಿ 1936ರಲ್ಲಿ ಮೊದಲ ಬಾರಿ ಆಯ್ಕೆ ಮಾಡಿದಾಗ ಎಷ್ಟು ಜನ ಗೆದ್ದರು ಗೊತ್ತಾ? ಐದೇ ಐದು. ದೇಶಕ್ಕೆ ದೇಶವೇ ಹುಚ್ಚೆದ್ದು ನೋಡುವ ಆಟಕ್ಕೆ ಐದು ಹೆಸರು ಸಾಕಾಯಿತು. ನಾವಾದರೆ ಮೊದಲ ವರ್ಷವೇ ಐವತ್ತಕ್ಕೆ ಐವತ್ತು ಅಂತ ಐವತ್ತು ಶಾಲು ಆರ್ಡರ್ ಕೊಟ್ಟುಬಿಡುತ್ತೇವೆ! ಅಲ್ಲಿ ಮತ ಹಾಕುವವರು ಬೇಸ್‌ಬಾಲ್ ಬಗ್ಗೆ ಬರೆಯುವ ಪತ್ರಕರ್ತರು. ನೂರಕ್ಕೆ 75 ಮತ ಬೀಳದೆ ಯಾರೂ ಒಳಗೆ ಬರುವಂತಿಲ್ಲ. ಆಟ ಬಿಟ್ಟು ಐದು ವರ್ಷ ಆಗುವವರೆಗೆ ಹೆಸರನ್ನು ಎತ್ತುವಂತೆಯೇ ಇಲ್ಲ.

ಈ ಮೂರನ್ನೂ ಇಟ್ಟುಕೊಳ್ಳಿ: ಕಡಿಮೆ ಸಂಖ್ಯೆ, ಎತ್ತರದ ಹೊಸ್ತಿಲು, ಕಾಯುವ ಅವಧಿ. ನಿಮ್ಮ ಸಮಿತಿಯಲ್ಲಿ ಏಳು ಜನ ಇದ್ದರೆ ಮುಕ್ಕಾಲು ಅಂದರೆ ಆರು ಮತ. ಕೈ ಎತ್ತಿಸಬೇಡಿ, ಚೀಟಿ ಹಾಕಿಸಿ. ಎದುರಿಗೆ ಕೂತ ಹಿರಿಯರ ಅಳಿಯನಿಗೆ ಬೇಡ ಅನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಕಾಲೇಜು ಬಿಟ್ಟು ಹತ್ತು ವರ್ಷ ಆಗಿರಬೇಕು ಅಂತ ಮಾಡಿ. ನಿನ್ನೆ ಮೊನ್ನೆ ಗೆದ್ದ ಹುಡುಗನ ಮೇಲೆ ಎಲ್ಲರಿಗೂ ಪ್ರೀತಿ ಇರುತ್ತದೆ, ಆ ಪ್ರೀತಿಯಲ್ಲಿ ಮೂವತ್ತು ವರ್ಷದ ಹಿಂದಿನ ಹುಡುಗಿ ಮರೆತುಹೋಗುತ್ತಾಳೆ. ಸಮಿತಿಯಲ್ಲಿ ಇರುವವರ ಹೆಸರು ಅವರು ಸಮಿತಿಯಲ್ಲಿರುವಷ್ಟು ದಿನ ಬರಬಾರದು. ಏಳರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಲಿ. ಒಬ್ಬರು ಬೇರೆ ಕಾಲೇಜಿನ ಪಿಡಿ ಆಗಿರಲಿ. ನಿಮ್ಮ ಹುಡುಗರ ಎದುರು ತಂಡ ಕಟ್ಟಿದವರಿಗೆ ನಿಮ್ಮ ಹುಡುಗರು ಎಂಥವರೆಂದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ದಾಖಲೆ ಹುಡುಕುವುದೇ ನಿಜವಾದ ಕೆಲಸ. ಐವತ್ತು ವರ್ಷ ಅಂದಿರಿ. ಹಾಗಾದರೆ ಮೊದಲ ಕೆಲವು ವರ್ಷ ನಿಮ್ಮ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿತ್ತು, ಆಮೇಲೆ ಗುಲಬರ್ಗಾ, ಈಗ ಬೀದರ್‌ಗೇ ಒಂದು ವಿಶ್ವವಿದ್ಯಾಲಯ ಬಂದಿದೆ. ಅಂದರೆ ನಿಮ್ಮ ಆಟಗಾರರ ಹೆಸರು ಮೂರು ಕಡೆ ಚೆದುರಿದೆ. ಧಾರವಾಡದ ಕಾಲದ ಹುಡುಗರನ್ನು ಕಲಬುರಗಿಯಲ್ಲಿ ಹುಡುಕಿ, ಸಿಗಲಿಲ್ಲ ಅಂತ ಕೈಬಿಡಬೇಡಿ. ಕಾಲೇಜಿನ ಒಳಗೆ ನೋಡಬೇಕಾದ್ದು ಟೂರ್ನಿಗೆ ಕಳಿಸಿದ ಎಲಿಜಿಬಿಲಿಟಿ ಫಾರ್ಮ್‌ಗಳ ಆಫೀಸ್ ಕಾಪಿ. ಅದರಲ್ಲಿ ಫೋಟೊ, ಹುಟ್ಟಿದ ದಿನ, ಅಡ್ಮಿಷನ್ ವಿವರ ಎಲ್ಲ ಇರುತ್ತದೆ. ವಾರ್ಷಿಕ ವರದಿ, ಕಾಲೇಜಿನ ಮ್ಯಾಗಝಿನ್, ಕ್ರೀಡಾ ಸಾಮಾನಿನ ಸ್ಟಾಕ್ ಬುಕ್, ಪ್ರಯಾಣ ಭತ್ಯೆಯ ವೋಚರ್ ಕೂಡ ನೋಡಿ. ವೋಚರ್ ಅಂದರೆ ನಗಬೇಡಿ. ಯಾವ ತಂಡ ಯಾವ ಊರಿಗೆ ಯಾವತ್ತು ಹೋಗಿತ್ತು ಅಂತ ಅದರಷ್ಟು ಖಚಿತವಾಗಿ ಹೇಳುವ ಕಾಗದ ಇನ್ನೊಂದಿಲ್ಲ.

ಒಂದು ಎಚ್ಚರಿಕೆ. ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಬೈಬಲ್ಲಿನ ಹೆಸರಿಗೆ ತಂದೆಯ ಹೆಸರು ಸೇರಿಸಿ ಬರೆಯುವುದು ರೂಢಿ. ಒಂದೇ ಬ್ಯಾಚಿನಲ್ಲಿ ಇಬ್ಬರು ಡೇವಿಡ್, ಮೂವರು ಸ್ಯಾಮ್ಯುಯೆಲ್ ಇರುವುದೂ ಉಂಟು. ಹೆಸರನ್ನು ನಂಬಬೇಡಿ, ಅಡ್ಮಿಷನ್ ನಂಬರ್ ಹಿಡಿದು ಹೋಗಿ. ಇಲ್ಲದಿದ್ದರೆ ಒಬ್ಬನ ಪದಕ ಇನ್ನೊಬ್ಬನ ಕೊರಳಿಗೆ ಬೀಳುತ್ತದೆ. ಕಾಗದ ಸಿಗದ ಕಡೆ ಇಬ್ಬರು ಸಾಕ್ಷಿ ಹೇಳಲಿ, ಅದರಲ್ಲಿ ಒಬ್ಬರು ಎದುರಾಳಿ ತಂಡದವರಾಗಿರಲಿ.

ಹಳೆಯ ಅಂಕಿಗಳನ್ನು ಹೊಸ ಅಂಕಿಗಳ ಪಕ್ಕ ಇಟ್ಟು ತೂಗಬೇಡಿ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಹಿಡಿದ 100 ಮೀಟರ್ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವುದು ರೂಢಿ, ಅಷ್ಟು ಅಂತರ ಅದು. ಪುರುಷರ ಜಾವೆಲಿನ್‌ನ ತೂಕದ ಕೇಂದ್ರವನ್ನು 1986ರಲ್ಲಿ ಮುಂದಕ್ಕೆ ಸರಿಸಿದರು. ಹಿಂದಿನ ಜಾವೆಲಿನ್ ತೇಲಿಕೊಂಡು ತೀರಾ ದೂರ ಹೋಗುತ್ತಿತ್ತು, 1984ರಲ್ಲಿ ಪೂರ್ವ ಜರ್ಮನಿಯ ಉವೆ ಹಾನ್ 104.80 ಮೀಟರ್ ಎಸೆದುಬಿಟ್ಟಿದ್ದ. ಹಾಗಾಗಿ ನಿಮ್ಮ ಕಾಲೇಜಿನ 1982ರ ಎಸೆತವೂ 2002ರ ಎಸೆತವೂ ಒಂದೇ ಜಾವೆಲಿನ್‌ನವು ಅಲ್ಲ. ವಾಲಿಬಾಲ್‌ನಲ್ಲಿ ಹಿಂದೆ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತಿತ್ತು, ಸೆಟ್ 15ಕ್ಕೆ ಮುಗಿಯುತ್ತಿತ್ತು. ಈಗ ಪ್ರತಿ ರ‍್ಯಾಲಿಗೂ ಪಾಯಿಂಟ್, ಸೆಟ್ 25ಕ್ಕೆ. ಕೇಳಬೇಕಾದ ಪ್ರಶ್ನೆ ಒಂದೇ: ಆ ವರ್ಷ, ಆ ಮಣ್ಣಿನಲ್ಲಿ, ತನ್ನ ಜೊತೆಯವರ ನಡುವೆ ಈ ಆಟಗಾರ ಎಲ್ಲಿ ನಿಂತಿದ್ದ?

ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ‘ಯಾವ ಮಟ್ಟಕ್ಕೆ ಆಡಿದ್ದಾರೆ’ ಎಂಬುದೊಂದನ್ನೇ ನೋಡಿದರೆ ಅವರು ಸೋಲುತ್ತಾರೆ, ಯಾಕೆಂದರೆ ಮೇಲಿನ ಮಟ್ಟವೇ ಇರಲಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಕಬಡ್ಡಿ 1990ರಲ್ಲಿ ಬಂತು, ಮಹಿಳೆಯರ ಕಬಡ್ಡಿಗೆ 2010ರವರೆಗೆ ಕಾಯಬೇಕಾಯಿತು. ಮಹಿಳೆಯರ ಟ್ರಿಪಲ್ ಜಂಪ್ ಒಲಿಂಪಿಕ್ಸ್‌ಗೆ ಬಂದದ್ದೇ 1996ರಲ್ಲಿ. ಅದರ ಮೇಲೆ ನಮ್ಮ ಊರಿನ ಕಷ್ಟ ಬೇರೆ. ಮೂರನೇ ವರ್ಷದ ಪರೀಕ್ಷೆಗೆ ಮೊದಲೇ ಮದುವೆ, ಮದುವೆಯಾದ ಮೇಲೆ ಹೆಸರೇ ಬದಲು. ಅವರನ್ನು ಹುಡುಕಲು ಜೊತೆಗೆ ಆಡಿದ ಗೆಳತಿಯರೇ ದಾರಿ. ಒಬ್ಬರು ಸಿಕ್ಕರೆ ಸಾಕು, ಒಬ್ಬರಿಂದ ಒಬ್ಬರ ಹಾಗೆ ತಂಡವೇ ಸಿಗುತ್ತದೆ. ಕರೆಯುವಾಗ ಮನೆಯವರನ್ನೂ ಕರೆಯಿರಿ. ಬಸ್ ಖರ್ಚು ನೀವೇ ಕೊಡಿ, ಕೇಳುವವರೆಗೆ ಕಾಯಬೇಡಿ.

ಈಗ ನಿಮ್ಮ ಪಿಡಿ ಸರ್ ವಿಷಯ. ನಾನೂ ಕಲಬುರಗಿಯಲ್ಲಿ ಅದೇ ಕೆಲಸ ಮಾಡಿ ನಿವೃತ್ತನಾದವನು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೀತು. ಆದರೂ ಕೇಳಿ.

ಬಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ದೇವಶಾಸ್ತ್ರ ಓದಿದವರು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘ ನಡೆಸುತ್ತಿದ್ದ ತರಬೇತಿ ಶಾಲೆಯಲ್ಲಿ, ಚಳಿಗಾಲಕ್ಕೆ ಒಳಾಂಗಣದಲ್ಲಿ ಆಡಲು ಒಂದು ಆಟ ಬೇಕು ಅಂತ ಅದನ್ನು ರೂಪಿಸಿದರು. ಮುಂದೆ ಕಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ತಂಡಕ್ಕೆ ಕೋಚ್ ಆದರು. ಅವರ ಲೆಕ್ಕ: 55 ಗೆಲುವು, 60 ಸೋಲು. ಆ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವುದು ಅವರೊಬ್ಬರಿಗೇ. ಆಟ ಹುಟ್ಟಿಸಿದವರಿಗೇ! ಆದರೆ ಅವರ ಕೈಕೆಳಗೆ ಆಡಿದ ಫಾಗ್ ಅಲೆನ್ ಎಂಬ ಹುಡುಗ ಮುಂದೆ ಅದೇ ವಿಶ್ವವಿದ್ಯಾಲಯದ ಹೆಸರಾಂತ ಕೋಚ್ ಆದ. ಇವತ್ತು ಬಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಇರುವುದು ನೈಸ್ಮಿತ್ ಹೆಸರೇ. ನಿಮ್ಮ ಸಮಿತಿಯಲ್ಲಿ ಕಪ್ ಲೆಕ್ಕ ಹಾಕುವವರಿಗೆ ಇದನ್ನು ಓದಿ ಹೇಳಿ.

ಹಾಗಾದರೆ ಕೋಚ್‌ಗೆ ಅಳತೆ ಏನು? ಅವರು ಬಂದ ವರ್ಷ ಕಾಲೇಜಿನಲ್ಲಿ ಎಷ್ಟು ಆಟ ಇತ್ತು, ಹೋದ ವರ್ಷ ಎಷ್ಟಿತ್ತು ನೋಡಿ. ಮೊದಲ ವರ್ಷ ತಂಡಕ್ಕೆ ಬಂದವರಲ್ಲಿ ಎಷ್ಟು ಜನ ಮೂರನೇ ವರ್ಷದವರೆಗೂ ಉಳಿದರು? ಅವರ ಹುಡುಗರಲ್ಲಿ ಎಷ್ಟು ಜನ ಬಿ.ಪಿ.ಇಡಿ. ಮಾಡಿ ಈಗ ಔರಾದ್, ಭಾಲ್ಕಿ, ಹುಮನಾಬಾದ್ ಕಡೆಯ ಶಾಲೆಗಳಲ್ಲಿ ದೈಹಿಕ ಶಿಕ್ಷಕರಾಗಿದ್ದಾರೆ? ಅಪ್ಪ ಅಮ್ಮನ ಒಪ್ಪಿಗೆ ಕೇಳಲು ಹುಡುಗಿಯರ ಮನೆಗೆ ಹೋಗಿ ಕೂತಿದ್ದಾರಾ? ಬೆಳಿಗ್ಗೆ ತಾವೇ ಸುಣ್ಣದ ಪುಡಿ ಹಿಡಿದು ಟ್ರ್ಯಾಕ್ ಹಾಕಿದ್ದಾರಾ? ಸಣ್ಣ ಕಾಲೇಜಿನ ಪಿಡಿಗೆ ಸಹಾಯಕ ಇರುವುದಿಲ್ಲ. ಹಾಸ್ಟೆಲ್ ವಾರ್ಡನ್ ಕೆಲಸ, ಪರೀಕ್ಷೆ ಡ್ಯೂಟಿ, ಎನ್‌ಎಸ್‌ಎಸ್ ಕ್ಯಾಂಪ್ ಎಲ್ಲ ಅವರ ತಲೆ ಮೇಲೆಯೇ. ಇವೆಲ್ಲ ನಾಲ್ಕು ಸಾಲಿನಲ್ಲಿ ಬರೆಯಬಹುದಾದ ಸಂಗತಿಗಳೇ.

ಕೋಚ್‌ಗಳನ್ನು ನೆನೆಯುವುದರಲ್ಲಿ ನಮ್ಮ ದೇಶವೇ ತಡ. ಅರ್ಜುನ ಪ್ರಶಸ್ತಿ 1961ರಲ್ಲೇ ಶುರುವಾಯಿತು, ಕೋಚ್‌ಗಳಿಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಮೊದಲ ಸಲ ಪಡೆದವರಲ್ಲಿ ಪಿ.ಟಿ. ಉಷಾ ಅವರ ಕೋಚ್ ಓ.ಎಂ. ನಂಬಿಯಾರ್ ಒಬ್ಬರು. ಅದರ ಹಿಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡಿದ್ದರು. ಅಂದರೆ ಆ ಪ್ರಶಸ್ತಿ ಒಲಿಂಪಿಕ್ ಪದಕದ ಲೆಕ್ಕಕ್ಕೆ ಕೊಟ್ಟದ್ದಲ್ಲ. ಇನ್ನು ನಮ್ಮ ಪಕ್ಕದ ಹೈದರಾಬಾದ್‌ನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಲ್ಲಿ ಮಾಸ್ತರು. ಅವರ ಕೋಚಿಂಗ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. 1963ರಲ್ಲಿ ಅವರು ತೀರಿಕೊಂಡಾಗ ದ್ರೋಣಾಚಾರ್ಯ ಪ್ರಶಸ್ತಿ ಎಂಬುದೇ ಇರಲಿಲ್ಲ. ಅದಕ್ಕೇ ಹೇಳುವುದು, ನಿಮ್ಮ ಪಟ್ಟಿಯಲ್ಲಿ ವಯಸ್ಸಾದವರು ಮೊದಲು ಬರಲಿ. ತೀರಿಕೊಂಡವರನ್ನು ಬಿಡಬೇಕಿಲ್ಲ, ಆದರೆ ಎಂಬತ್ತು ದಾಟಿದವರು ಇನ್ನೊಂದು ವರ್ಷ ಕಾಯಲಿ ಅನ್ನಬೇಡಿ.

ಆಡದೆ, ಕಲಿಸದೆ ಆಟ ನಡೆಸಿದವರಿಗೂ ಒಂದು ಜಾಗ ಇಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಕಂಚು ಗೆದ್ದ ಖಾಶಾಬಾ ಜಾಧವ್ ಅವರ ಪ್ರಯಾಣಕ್ಕೆ ದುಡ್ಡು ಸಾಲದೇ ಇದ್ದಾಗ ಕೊಲ್ಹಾಪುರದ ಅವರ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟಿದ್ದರು. ನಿಮ್ಮಲ್ಲಿ ಮನೆ ಅಡವಿಟ್ಟವರು ಇರಲಿಕ್ಕಿಲ್ಲ. ಆದರೆ ಟೂರ್ನಿಗೆ ಹೊರಟ ಹುಡುಗರಿಗೆ ನಸುಕಿನಲ್ಲೇ ರೊಟ್ಟಿ ಕಟ್ಟಿಕೊಟ್ಟ ಹಾಸ್ಟೆಲ್ ಅಡುಗೆಯವರು ಖಂಡಿತ ಇದ್ದಾರೆ.

ಹಿತವಲ್ಲದ ಒಂದು ಮಾತನ್ನೂ ಹೇಳಬೇಕು. ಕೋಚ್ ಹೆಸರು ಅಂತಿಮ ಮಾಡುವ ಮೊದಲು ಅವರ ಕೈಕೆಳಗೆ ಆಡಿದ ಹೆಣ್ಣುಮಕ್ಕಳನ್ನು, ಸಮಿತಿಯ ಮಹಿಳಾ ಸದಸ್ಯರ ಮೂಲಕ, ಒಬ್ಬೊಬ್ಬರನ್ನಾಗಿ ಮಾತಾಡಿಸಿ. ಹೊಡೆತ, ಕೆಟ್ಟ ಮಾತು, ಅದಕ್ಕಿಂತ ಕೆಟ್ಟದ್ದು ಏನಾದರೂ ಇತ್ತೇ ಅಂತ ಕೇಳಿ. ಏನಾದರೂ ಕೇಳಿಬಂದರೆ ಹೆಸರನ್ನು ಅಲ್ಲಿಗೇ ನಿಲ್ಲಿಸಿ, ಎಷ್ಟು ಕಪ್ ಇದ್ದರೂ ಸರಿ. ಮುಂದೆ ಗೊತ್ತಾದರೆ ಹೆಸರು ತೆಗೆಯುವ ನಿಯಮವನ್ನೂ ಈಗಲೇ ಬರೆದಿಡಿ. ಆಮೇಲೆ ಬರೆಯಲು ಹೋದರೆ ಅದು ಆ ವ್ಯಕ್ತಿಯ ಮೇಲಿನ ದ್ವೇಷ ಅನ್ನಿಸಿಕೊಳ್ಳುತ್ತದೆ.

ಕ್ರೈಸ್ತರಲ್ಲದವರ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಸೇರಿಸಲೇಬೇಕು. ನಮ್ಮ ಕಡೆ ಮಿಷನ್ ಕಾಲೇಜಿನ ತಂಡ ಅಂದರೆ ಲಿಂಗಾಯತರ ಹುಡುಗ, ಮುಸ್ಲಿಂ ಹುಡುಗ, ತಾಂಡಾದ ಹುಡುಗ, ಮೆಥೋಡಿಸ್ಟ್ ಹುಡುಗ ಎಲ್ಲರೂ ಒಂದೇ ಜರ್ಸಿಯಲ್ಲಿ. ಅವರಲ್ಲಿ ಒಬ್ಬನನ್ನಷ್ಟೇ ಕರೆದರೆ ಉಳಿದವರು ತಮ್ಮ ಕಾಲೇಜು ಯಾವುದು ಅಂತ ಕೇಳುತ್ತಾರೆ. ಕ್ರೈಸ್ತ ಸಂಸ್ಥೆಗಳ ಕ್ರೀಡಾ ಪರಂಪರೆಯೂ ಅದೇ ತಾನೆ? ವಾಲಿಬಾಲ್ ಕೂಡ ವೈಎಂಸಿಎಯಲ್ಲೇ ಹುಟ್ಟಿದ್ದು, 1895ರಲ್ಲಿ. ಇವತ್ತು ಅದನ್ನು ಆಡದ ಹಳ್ಳಿ ಯಾವುದಿದೆ? ಹ್ಯಾರಿ ಬಕ್ ಎಂಬ ಅಮೆರಿಕದವರು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ದಕ್ಷಿಣದ ಎಷ್ಟೋ ಪಿ.ಟಿ. ಮಾಸ್ತರರು ಅಲ್ಲೇ ಕಲಿತವರು, ಎಲ್ಲ ಜಾತಿ ಧರ್ಮದವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡದ ಜೊತೆ ಹೋದವರೂ ಬಕ್ ಅವರೇ. ಅದೇ ಒಲಿಂಪಿಕ್ಸ್‌ನಲ್ಲಿ ಎರಿಕ್ ಲಿಡೆಲ್ ಎಂಬ ಸ್ಕಾಟ್ಲೆಂಡ್ ಓಟಗಾರ ಭಾನುವಾರ ದೇವರ ದಿನ, ಓಡುವುದಿಲ್ಲ ಅಂತ 100 ಮೀಟರ್ ಬಿಟ್ಟು, 400 ಮೀಟರ್‌ನಲ್ಲಿ ಚಿನ್ನ ಗೆದ್ದ. ನಿಮ್ಮ ಚರ್ಚಿನ ಹಿರಿಯರಿಗೆ ಈ ಕತೆ ಗೊತ್ತಿರುತ್ತದೆ, ಹಾಗಾಗಿ ಕಾರ್ಯಕ್ರಮವನ್ನು ಭಾನುವಾರ ಇಡಬೇಡಿ!

ದಿನದ ಮಾತು ಬಂತು. ಆಗಸ್ಟ್ 29ರ ಕ್ರೀಡಾ ದಿನ ಚೆನ್ನ, ಆದರೆ ಮಳೆ. ನವೆಂಬರ್‌ನಲ್ಲಿ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ಕ್ರೈಸ್ತರ ಜಾತ್ರೆ ಇರುತ್ತದೆ. ನನ್ನ ಕೇಳಿದರೆ ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವಿನ ಶನಿವಾರ ಸರಿ. ಹೈದರಾಬಾದ್, ಪುಣೆ, ಬೆಂಗಳೂರು ಸೇರಿದ ನಿಮ್ಮ ಹುಡುಗರೆಲ್ಲ ಆಗ ಊರಲ್ಲಿರುತ್ತಾರೆ. ಕಾರ್ಯಕ್ರಮ ಮೈದಾನದಲ್ಲೇ ಆಗಲಿ. ಪ್ರಾರ್ಥನೆ ಇರಲಿ, ಚಿಕ್ಕದಾಗಿರಲಿ. ವೇದಿಕೆ ಮೇಲೆ ಮೂವತ್ತು ಕುರ್ಚಿ ಹಾಕಿ ಅತಿಥಿಗಳನ್ನೇ ತುಂಬಿಸಿ, ಸನ್ಮಾನಿತರನ್ನು ಕೊನೆಗೆ ಹತ್ತಿಸಿ ಇಳಿಸುವ ನಮ್ಮ ಹಳೆ ಚಾಳಿ ಬಿಡಿ. ಆ ನಾಲ್ಕು ಸಾಲನ್ನು ಈಗ ಆಡುತ್ತಿರುವ ಹುಡುಗನೋ ಹುಡುಗಿಯೋ ಓದಲಿ. ಹೇಗೆ ಬರೆಯಬೇಕು ಅಂದರೆ, ‘ಅಪ್ರತಿಮ ಕ್ರೀಡಾಪಟು, ಸರಳ ಸಜ್ಜನ, ಎಲೆಮರೆಯ ಕಾಯಿ’ ಅಂತ ಅಲ್ಲ. ‘ಮೂರು ವರ್ಷ ಕಬಡ್ಡಿ ತಂಡದ ರೇಡರ್. ಎರಡು ಸಲ ಯೂನಿವರ್ಸಿಟಿ ಬ್ಲೂ. ಕೊನೆಯ ವರ್ಷ ಮೊಣಕಾಲು ನೋವಿನಿಂದ ಆಡಲಾಗದೆ ಜೂನಿಯರ್‌ಗಳಿಗೆ ಕಲಿಸಿದರು. ಅವರಲ್ಲಿ ಇಬ್ಬರು ಮರುವರ್ಷ ವಿಶ್ವವಿದ್ಯಾಲಯಕ್ಕೆ ಆಡಿದರು’ ಅಂತ ಬರೆಯಿರಿ. ಇದು ಮಾದರಿ ಅಷ್ಟೇ.

ಕೊಡುವ ಸ್ಮರಣಿಕೆಗೆ ಪ್ಲಾಸ್ಟಿಕ್ ಟ್ರೋಫಿ ಹುಡುಕಿಕೊಂಡು ಹೋಗಬೇಡಿ. ಬಿದರಿ ನಿಮ್ಮೂರಿನದೇ. ಸತು ಮತ್ತು ತಾಮ್ರದ ಎರಕ, ಬೆಳ್ಳಿಯ ಕೆತ್ತನೆ, ಕೋಟೆಯ ಮಣ್ಣಿನಿಂದ ಬಂದ ಕಪ್ಪು ಬಣ್ಣ. ಅಂಗೈ ಅಗಲದ ಫಲಕ ಸಾಕು. ಕುಶಲಕರ್ಮಿಗಳಿಗೆ ಎರಡು ಮೂರು ತಿಂಗಳು ಮುಂಚೆ ಹೇಳಿ. ಕಾಲೇಜಿನಲ್ಲಿ ಹಾಕುವ ಹೆಸರಿನ ಬೋರ್ಡ್ ಪ್ರಿನ್ಸಿಪಾಲರ ಚೇಂಬರ್‌ನಲ್ಲಿ ಬೇಡ, ಮಕ್ಕಳು ಮೈದಾನಕ್ಕೆ ಇಳಿಯುವ ದಾರಿಯಲ್ಲಿರಲಿ.

ದಾನಿಗಳ ಅಣ್ಣನವರ ಹೆಸರು ಬೇರೆ ಎಲ್ಲರ ಹಾಗೆ ಅರ್ಜಿಯಲ್ಲಿ ಬರಲಿ, ಚೀಟಿಗೆ ಬೀಳಲಿ. ಆರು ಮತ ಬಂದರೆ ಸಂತೋಷ. ಬರದಿದ್ದರೆ ಅವರ ಹೆಸರಿನಲ್ಲಿ ವಾಲಿಬಾಲ್ ಕೋರ್ಟಿಗೆ ಲೈಟ್ ಹಾಕಿಸಿ ಅಂತ ಕೇಳಿ, ಅದೂ ಗೌರವವೇ. ದುಡ್ಡಿನ ಮಾತು ಮತ್ತು ಮತದ ಮಾತು ಒಂದೇ ಸಭೆಯಲ್ಲಿ ಬರಬಾರದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಹಳೆ ವಿದ್ಯಾರ್ಥಿಗಳ ಫೋಟೊ ಬೇಕು ಅಂತ ಗಡಿಬಿಡಿ ಮಾಡುವವರೂ ಇರುತ್ತಾರೆ. ಅವರಿಗೆ ಫೋಟೊ ಆಮೇಲೆ ಕೊಟ್ಟರಾಯಿತು.

ಮೊದಲ ವರ್ಷ ಮೂವರು ಆಟಗಾರರು, ಒಬ್ಬ ಕೋಚ್, ಒಂದು ತಂಡ, ಅಷ್ಟಕ್ಕೇ ನಿಲ್ಲಿಸಿ. ಆಮೇಲೆ ಎರಡು ವರ್ಷಕ್ಕೊಮ್ಮೆ ಮಾಡಿದರೂ ಸಾಕು. ಯಾವುದಾದರೂ ವರ್ಷ ಯಾರಿಗೂ ಆರು ಮತ ಬೀಳದಿದ್ದರೆ ಗಾಬರಿಯಾಗಿ ಹೊಸ್ತಿಲು ಇಳಿಸಬೇಡಿ. ಬೇಸ್‌ಬಾಲ್ ಪತ್ರಕರ್ತರು 2013ರಲ್ಲೂ 2021ರಲ್ಲೂ ಒಬ್ಬರನ್ನೂ ಆರಿಸಲಿಲ್ಲ. ಅಂಥ ವರ್ಷ ಹಳೆಯವರಿಗೂ ಈಗಿನ ತಂಡಕ್ಕೂ ಒಂದು ವಾಲಿಬಾಲ್ ಪಂದ್ಯ ಇಟ್ಟುಕೊಳ್ಳಿ. ಹಳೆಯವರು ಕೇಳಿದರೆ ಹಳೆ ನಿಯಮದಲ್ಲೇ, 15 ಪಾಯಿಂಟಿಗೆ.